ಎರಡು ಸಲವೂ ಅದೇ ಕೈ

ಬೆಳಿಗ್ಗೆ ಲಾಂಡ್ರಿ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ಗೆರೆಯಕ್ಕ ದೇವರನ್ನು ನೆನೆದು, ಬಾಯ್ಲರಿನ ಆವಿ ಕೂತ ಕಿಟಕಿಯ ಗಾಜಿನ ಮೇಲೆ ಬೆರಳಲ್ಲಿ ಒಂದು ಲೆಕ್ಕ ಬರೆಯುತ್ತಾಳೆ. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಮೊದಲು ಎಳೆಯುವುದು ಅನುಕಲನದ, ಅಂದರೆ ಇಂಟಿಗ್ರೇಷನ್ನಿನ, ಚಿಹ್ನೆ. ಎರಡೂ ತುದಿ ಬಾಗಿದ ಆ ಉದ್ದ ಗೆರೆ ಹ್ಯಾಂಗರಿನ ಕೊಕ್ಕೆಯ ಹಾಗೆ. ಅವಳ ಹಿಂದೆ ಬಿಳಿ ಅಂಗಿಗಳು ಆವಿಯೊಳಗೆ ಮೆಲ್ಲಗೆ ತೂಗುತ್ತವೆ. ಒಂದೊಂದರ ಒಳಗೂ ಬಿಡಿಸದ ಲೆಕ್ಕವೊಂದು ಉಸಿರಾಡುತ್ತಿದೆಯೇನೋ ಅನ್ನಿಸುತ್ತದೆ.

ಪ್ಯಾಂಟಿನ ಗೆರೆಯನ್ನು ಕತ್ತಿಯ ಅಲಗಿನಂತೆ ಕೂರಿಸುತ್ತಾಳೆಂದು ಬೀದಿಯವರು ಇಟ್ಟ ಹೆಸರು ಗೆರೆಯಕ್ಕ. ಅವಳ ಪದವಿಗೆ ಗಣಿತದ ಒಂದೇ ಪತ್ರಿಕೆ ಹತ್ತೊಂಬತ್ತು ವರ್ಷದಿಂದ ಅಡ್ಡ ನಿಂತಿತ್ತು. ಹಳೆಯ ಪಠ್ಯದವರಿಗೆ ಈ ಸಲವೇ ಕೊನೆ. ಹೋದರೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಆದೇಶ ವಿಧಾನ ಅವಳಿಗೆ ನೀರು ಕುಡಿದಷ್ಟು ಸಲೀಸು. ಗೋಜಲಾದ ಎಕ್ಸ್‌ಗೆ ಟಿ ಎಂದು ಚೀಟಿ ಕಟ್ಟಿ ಒಳಗೆ ತೆಗೆದುಕೊಳ್ಳುವುದು, ಕೆಲಸ ಮುಗಿದ ಮೇಲೆ ಚೀಟಿ ಬಿಚ್ಚಿ ವಾರಸುದಾರನಿಗೆ ಒಪ್ಪಿಸುವುದು. ಅಂಗಡಿಯಲ್ಲಿ ದಿನವೂ ಮಾಡುವುದೇ. ಕಾಡುತ್ತಿದ್ದದ್ದು ಭಾಗಶಃ ಅನುಕಲನ. ಗುಣಿಸಿಕೊಂಡ ಎರಡರಲ್ಲಿ ಒಂದನ್ನು ಅವಕಲಿಸಿ ಇನ್ನೊಂದನ್ನು ಅನುಕಲಿಸಬೇಕು. ಇ ಘಾತ ಎಕ್ಸ್‌ಗೆ ಸೈನ್ ಎಕ್ಸ್ ಜೊತೆಯಾದರೆ ಹಾಗೆ ಎರಡು ಸುತ್ತು. ಅವಳು ಮಾಡಿದಾಗಲೆಲ್ಲ ಒಂದನ್ನೊಂದು ಹೊಡೆದುಹಾಕಿ, ಸೊನ್ನೆಗೆ ಸೊನ್ನೆ ಸಮ ಎಂದು ಉಳಿಯುತ್ತಿತ್ತು.

ಪರೀಕ್ಷೆಗೆ ಎರಡು ದಿನವಿರುವಾಗ ಗೆರೆಯಕ್ಕನೂ ಅವಳ ಅತ್ತೆಯೂ ಎದುರುಬದುರು ನಿಂತು ದೊಡ್ಡ ಹಾಸುಬಟ್ಟೆ ಮಡಿಸುತ್ತಿದ್ದರು.

"ಏ ಕನಸುಗಾತಿ! ಕೈ ಯಾಕೆ ಬದಲಾಯಿಸ್ದೆ? ಹಾಕಿದ ಮಡಿಕೆ ಬಿಚ್ಕೊಳ್ತು ನೋಡು. ಮೊದಲನೇ ಸಲ ಯಾವ ಕೈಯೋ ಎರಡನೇ ಸಲಾನೂ ಅದೇ ಕೈ."

"ಅತ್ತೆ, ಇನ್ನೊಂದ್ಸಲ ಹೇಳಿ."

"ಕಿವಿಗೂ ಇಸ್ತ್ರಿ ಹಾಕ್ಬೇಕೇನೇ?"

ಗೆರೆಯಕ್ಕ ಬಟ್ಟೆ ಹಿಡಿದು ನಿಂತೇಬಿಟ್ಟಳು. ಮೊದಲ ಸುತ್ತಿನಲ್ಲಿ ಸೈನ್ ಅನ್ನು ಅವಕಲಿಸುತ್ತಿದ್ದವಳು ಎರಡನೆಯದರಲ್ಲಿ ಇ ಘಾತ ಎಕ್ಸ್ ಅನ್ನು ಅವಕಲಿಸುತ್ತಿದ್ದಳು. ತಾನೇ ಹಾಕಿದ ಮಡಿಕೆಯನ್ನು ತಾನೇ ಬಿಚ್ಚಿದಂತಾಗುತ್ತಿತ್ತು! ಚೀಟಿಯ ಬೆನ್ನ ಮೇಲೆ, ಈ ಸಲ ಕೈ ಬದಲಿಸದೆ ಬರೆದಳು. ಹೊರಟ ಅನುಕಲವೇ ಋಣ ಚಿಹ್ನೆ ಹೊತ್ತು ತಿರುಗಿ ಬಂತು. ಅದನ್ನು ಎಡಕ್ಕೆ ತಂದಾಗ ಎರಡಾಯಿತು, ಎರಡರಿಂದ ಭಾಗಿಸಿದಳು. ಉತ್ತರ ಕಾಗದದ ಮೇಲೆ ಸುಮ್ಮನೆ ಕೂತಿತ್ತು, ಮೊದಲಿನಿಂದಲೂ ಅಲ್ಲೇ ಇದ್ದಂತೆ.

ಪರೀಕ್ಷೆಯ ಮರುದಿನ ಕಾಲೇಜಿನ ಗಣಿತದ ಮೇಷ್ಟ್ರು ಅಂಗಿಗಳಿಗಾಗಿ ಬಂದರು.

"ಹೇಗಾಯ್ತಮ್ಮ?"

"ನನ್ನ ಕಾಡ್ತಿದ್ದ ಆ ಲೆಕ್ಕ ಬಂದಿತ್ತು, ಬಿಡಿಸ್ದೆ ಮೇಷ್ಟ್ರೇ. ಉಳಿದದ್ರಲ್ಲಿ ಎರಡು ಮೂರು ಕೈಕೊಟ್ವು. ಪಾಸಿನ ಅಂಚಲ್ಲಿದೀನಿ."

ಮೇಷ್ಟ್ರು ದನಿ ತಗ್ಗಿಸಿದರು. "ಪೇಪರ್ ತಿದ್ದೋರು ನಮ್ಮೋರೇ. ಒಂದು ಮಾತು ಹಾಕ್ಲಾ?"

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಬೇಡ ಮೇಷ್ಟ್ರೇ. ಆಮೇಲೆ ದಾಟಿದ್ದು ನಾನಾ, ನಿಮ್ಮ ಮಾತಾ ಅಂತ ಸಾಯೋವರೆಗೂ ತಲೆ ಕೆಡಿಸ್ಕೋಬೇಕು."

"ಹೋಗ್ಬಿಟ್ರೆ?"

"ಹೋದ್ರೆ ಹೋಯ್ತು. ಬಿಡಿಸಿದ್ದಂತೂ ನಾನೇ ಅಲ್ವಾ? ಕೈ ಚಾಚಿ, ಅಂಗಿ ಇನ್ನೂ ಬಿಸಿ ಇದೆ."