ಖಾಲಿ ಉಳಿದ ಸಾಲು

ಜಹನಾರಾ ಮಹಾ ಮೊಂಡಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಶಿವಾಜಿನಗರದಲ್ಲಿ ಅವಳ ಅಬ್ಬಾ ಶೌಕತ್ ಸಾಹೇಬರದು ಮದುವೆ ಕಾರ್ಡಿನ ಪ್ರೆಸ್ಸು. ವರನ ಹೆಸರು ಇನ್ನೂ ಬಂದಿಲ್ಲವೆಂದರೆ ಅವರು ಆ ಜಾಗದಲ್ಲಿ ಅಚ್ಚುಮೊಳೆಗಳನ್ನು ತಲೆಕೆಳಗಾಗಿ ಜೋಡಿಸಿಬಿಡುತ್ತಿದ್ದರು. ಕರಡು ಪ್ರತಿಯಲ್ಲಿ ಅಲ್ಲಿ ಕಪ್ಪನೆಯ ಮಸಿ ಬೀಳುತ್ತಿತ್ತು; ಎಂಥ ಅವಸರದವನೂ ಅದನ್ನು ದಾಟಿ ಮುಂದೆ ಹೋಗುವಂತಿರಲಿಲ್ಲ. ಚೆಂದದ ಕಾರ್ಡು ಹಾಳಾಯಿತೆಂದು ಮಗಳಿಗೆ ಮಾತ್ರ ಅಳುವೇ ಬರುತ್ತಿತ್ತು.

ಅದೇ ಮಗಳು ಬೆಳೆದು ಇಂದಿರಾನಗರದ ಸಣ್ಣ ಕಂಪನಿಯೊಂದರಲ್ಲಿ ವೆಬ್ ಪುಟ ಕಟ್ಟುವವಳಾದಳು. ೨೦೦೩ರಲ್ಲಿ ಅವಳೂ ಸಹೋದ್ಯೋಗಿ ಲಕ್ಷ್ಮಿಕಾಂತನೂ ಸೇರಿ ತಮ್ಮದೇ ಒಂದು ಟೆಂಪ್ಲೇಟ್ ಭಾಷೆ ಮಾಡಿಕೊಂಡರು. ಪುಟದ ನಕ್ಷೆಯಲ್ಲಿ ಬ್ರ್ಯಾಕೆಟ್ಟಿನೊಳಗೆ ಒಂದು ಹೆಸರು ಬರೆದರೆ, ಆ ಹೆಸರಿನ ಮಾಹಿತಿ ತಾನೇ ಬಂದು ಅಲ್ಲಿ ಕೂರಬೇಕು. ಸಿಗದಿದ್ದರೆ? ಜಗಳ ಹತ್ತಿದ್ದೇ ಅಲ್ಲಿ.

"ಪುಟಾನೇ ನಿಂತ್ಬಿಡ್ಲಿ. ಖಾಲಿ ಬಿಟ್ರೂ ನಡೆಯುತ್ತೆ ಅನ್ನೋ ಕಡೆ ಮಾತ್ರ ಗುರುತು ಹಾಕು" ಎಂದ ಲಕ್ಷ್ಮಿಕಾಂತ.

"ಕ್ಲೈಂಟ್ ಮುಂದೆ ಕೆಂಪು ಎರರ್ ತೋರಿಸ್ತೀಯಾ ಮಗಾ? ಖಾಲಿ ಇದ್ರೆ ನೀಟಾಗಿರುತ್ತೆ. ನಿಲ್ಲಲೇಬೇಕು ಅನ್ನೋ ಕಡೆ ಒಂದು ಆಶ್ಚರ್ಯಸೂಚಕ ಹಾಕಿದ್ರಾಯ್ತು."

ಗೆದ್ದವಳು ಇವಳೇ. ಆದರೆ ಆ ಚಿಹ್ನೆ ಹಾಕುವವರು ಯಾರು? ಸಾಲುಸಾಲಿಗೂ ಹಾಕಿದರೆ ನಕ್ಷೆ ಮುಳ್ಳುಬೇಲಿಯಂತಾಗುತ್ತದೆಂದು ಅವಳೇ ಹಾಕುತ್ತಿರಲಿಲ್ಲ. ಎಂಥ ಬುದ್ಧಿವಂತೆ ನೋಡಿ!

ಮರುವರ್ಷ ಕಲ್ಯಾಣ ನಗರದ ಒಂದು ನರ್ಸಿಂಗ್ ಹೋಮ್ ಇವರ ಪುಟಗಳನ್ನು ಬಳಸತೊಡಗಿತು. ಪ್ರತಿ ರೋಗಿಯ ಹಾಳೆ ಮುದ್ರಿಸಿ ಮಂಚಕ್ಕೆ ನೇತುಹಾಕುತ್ತಿದ್ದರು. ಆಫೀಸಿನಲ್ಲಿ ಚಹಾ ಮಾಡುವ ಯಾದಗಿರಿ ಕಡೆಯ ಅಮೃತಮ್ಮನ ಕಾಲು ಕೀವು ಕಟ್ಟಿ ಜ್ವರ ಏರಿದಾಗ, ಒಂದು ಬೆಳಿಗ್ಗೆ ಜಹನಾರಾಳೇ ಅಲ್ಲಿಗೆ ಸೇರಿಸಿದಳು. ಹಿಂದೊಮ್ಮೆ ಪೆನಿಸಿಲಿನ್ ಚುಚ್ಚಿದಾಗ ಆಕೆಯ ಉಸಿರೇ ಕಟ್ಟಿ ಹೋಗಿತ್ತಂತೆ. ಜಹನಾರಾ ಅದನ್ನು ಕೌಂಟರಿನಲ್ಲಿ ಬರೆಸಿ, "ಕಂಪ್ಯೂಟರಿಗೆ ಹಾಕ್ಸಿದೀನಿ ಅಮ್ಮ. ನೀವು ಯಾರಿಗೂ ಏನೂ ಹೇಳ್ಬೇಕಿಲ್ಲ, ಸುಮ್ನೆ ಮಲಗಿ" ಎಂದು ಜಂಬದಿಂದ ಹೇಳಿ ಬಂದಳು.

ಅಂದು ಮಧ್ಯಾಹ್ನ ಊಟವಾದ ಮೇಲೆ ಲಕ್ಷ್ಮಿಕಾಂತ ಮಾತಿನ ನಡುವೆ ಅಂದ: "ಬೆಳಿಗ್ಗೆ ಆ ಅಲರ್ಜಿ ಕಾಲಮ್ಮಿಗೆ ಬೇರೆ ಹೆಸರಿಟ್ಟೆ. ನಿನ್ ಪುಟ ಏನೂ ಗಲಾಟೆ ಮಾಡ್ಲಿಲ್ಲ ಗುರು."

ಜಹನಾರಾ ಪುಟ ತೆರೆದಳು. ನಕ್ಷೆ ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿತ್ತು. 'ಆಗದ ಔಷಧಿ' ಎಂಬುದರ ಮುಂದೆ ಚೊಕ್ಕ ಬಿಳಿ ಜಾಗ. ಓದಿದವರು ಏನೂ ಇಲ್ಲವೆಂದೇ ತಿಳಿಯಬೇಕು.

"ಯಾ ಅಲ್ಲಾ!"

ರಿಸೀವರ್ ಎತ್ತಿದಳು. ನರ್ಸಿಂಗ್ ಹೋಮಿನ ಫೋನು ಎಂಗೇಜ್. ಮತ್ತೆ ಮಾಡಿದರೂ ಎಂಗೇಜ್. ಲಕ್ಷ್ಮಿಕಾಂತ ಕಂಪ್ಯೂಟರಿನಲ್ಲಿ ಸರಿಮಾಡಿಯಾನು, ಮಂಚಕ್ಕೆ ನೇತುಬಿದ್ದ ಕಾಗದವನ್ನು ಸರಿಮಾಡುವವರು ಯಾರು? ಚಪ್ಪಲಿ ಮೆಟ್ಟಲೂ ಮರೆತು ಕೆಳಗಿಳಿದು ಆಟೋ ಹತ್ತಿದಳು. ಬಾಣಸವಾಡಿಯ ಹತ್ತಿರ ಆಟೋ ಅಲುಗದೆ ನಿಂತಿತು. ಹೆದರಿಕೆ ಎಂದರೆ ಅಂಥಿಂಥ ಹೆದರಿಕೆಯಲ್ಲ. ಆಕೆ ಸತ್ತರೆ ನಾನೇ ಕೊಂದ ಹಾಗೆ, ಆಕೆಯ ಬಾಯಿ ಮುಚ್ಚಿಸಿ ಬಂದವಳೂ ನಾನೇ, ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ವಾರ್ಡಿಗೆ ನುಗ್ಗಿದಾಗ ಅಮೃತಮ್ಮ ತೋಳು ಚಾಚಿ ಮಲಗಿದ್ದಳು. ಸಿಸ್ಟರ್ ಕೈಯಲ್ಲಿ ಸಿರಿಂಜು.

"ನಿಲ್ಸಿ ಸಿಸ್ಟರ್! ಅದೇನು?"

"ಪೆನಿಸಿಲಿನ್. ಹಾಳೇಲಿ ಏನೂ ಇಲ್ವಲ್ಲ ಮೇಡಂ? ಇವರನ್ನೂ ಕೇಳ್ದೆ. ಎಲ್ಲಾ ಕಂಪ್ಯೂಟರಲ್ಲಿದೆ ಅಂದ್ರು."

"ನೀನೇ ಅಂದಿದ್ದಿಯಲ್ಲವಾ, ಏನೂ ಹೇಳಬ್ಯಾಡ ಅಂತ" ಎಂದಳು ಅಮೃತಮ್ಮ. "ಅದಕ್ಕ ಬಾಯಿ ಬಿಡಲಿಲ್ಲ ನಾ. ಯಾಕ ಯವ್ವಾ, ಹಿಂಗ್ಯಾಕ ಬರಿಗಾಲಾಗ ಓಡಿ ಬಂದಿ?"

"ಇವರಿಗೆ ಅದು ಆಗಲ್ಲ ಸಿಸ್ಟರ್, ಹಾಳೇಲಿ ಬಿಟ್ಟು ಹೋಗಿದೆ" ಎಂದಳು ಜಹನಾರಾ. ಆಕೆಯ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಪಕ್ಕದ ಮಂಚದ ಹಾಳೆ ಕಂಡಿತು. ಅದರಲ್ಲೂ ಆ ಸಾಲು ಖಾಲಿ.

"ಸಿಸ್ಟರ್, ಬೆಳಿಗ್ಗೆಯಿಂದ ಎಷ್ಟು ಹಾಳೆ ತೆಗೆದ್ರಿ?"

"ಮೂವತ್ತೊಂದು" ಎಂದವಳ ಮುಖ ಬಿಳಿಚಿಕೊಂಡಿತು. ಟ್ರೇ ಅಲ್ಲೇ ಇಟ್ಟು ಡಾಕ್ಟರನ್ನು ಕೂಗುತ್ತ ಓಡಿದಳು.

ಪಕ್ಕದ ಮಂಚದ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಳು. ತೋಳಿನ ಮೇಲೆ ಆಗಷ್ಟೇ ಅಂಟಿಸಿದ ಹತ್ತಿ. ಜಹನಾರಾ ಭುಜ ಹಿಡಿದು ಅಲುಗಿಸಿದಳು.

"ಅಮ್ಮಾ, ಎದ್ದೇಳಿ. ಅಮ್ಮಾ!"

ಆಕೆ ಕಣ್ಣು ಬಿಟ್ಟಳು. ಇನ್ನೂ ಇಪ್ಪತ್ತೊಂಬತ್ತು ಮಂಚಗಳಿದ್ದವು.