ಮಲವಗೊಪ್ಪದಲ್ಲಿ ಕಟ್ಟಿದ ಶ್ರದ್ಧಾಂಜಲಿ

ಕೊರೊನಾ ಮುಗಿದು ಕಾಲೇಜುಗಳು ಸರಿಯಾಗಿ ನಡೆಯತೊಡಗಿದ ಮೊದಲ ಚಳಿಗಾಲ. ನಾನು ಶಿವಮೊಗ್ಗದಲ್ಲಿ ಪತ್ರಿಕೋದ್ಯಮದ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಆಗ ನಡೆದದ್ದನ್ನು ಹಲವರಿಗೆ ಹಲವು ಸಲ ಹೇಳಿದ್ದೇನೆ. ಪ್ರತಿ ಸಲವೂ ಸ್ವಲ್ಪ ಬೇರೆಯಾಗಿಯೇ ಹೇಳಿದ್ದೇನೆ ಎಂಬುದು ಈಗ ಗೊತ್ತಾಗಿದೆ. ಹಾಗಾಗಿ ಖಚಿತವಾಗಿ ಗೊತ್ತಿರುವುದು ಯಾವುದು, ನೆನಪು ಮಾತ್ರ ಯಾವುದು ಎಂದು ಬೇರೆ ಮಾಡಿ ಬರೆಯುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಸಿನಿಮಾ ಪೇಪರಿಗೆ ಒಂದು ಅಸೈನ್‌ಮೆಂಟ್ ಇತ್ತು. ಥ್ರಿಲ್ಲರ್ ಚಿತ್ರವೊಂದರ ಮೊದಲ ಎರಡು ನಿಮಿಷ ಮಾತ್ರ ತೆಗೆಯಬೇಕು. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಅದರ ಲಕ್ಷಣಗಳನ್ನೆಲ್ಲ ಬರೆಸಿದ್ದರು. ಮುಖ ಬೇಗ ತೋರಿಸಬೇಡಿ, ಚಿತ್ರಕ್ಕಿಂತ ಮೊದಲು ಶಬ್ದ ಬರಲಿ, ದಿನಾ ನೋಡುವ ಯಾವುದೋ ಒಂದು ವಸ್ತು ತಪ್ಪಾಗಿ ಕಾಣಲಿ. "ಪ್ರಶ್ನೆ ಹುಟ್ಟಿಸಿ, ಉತ್ತರ ಕೊಡೋಕೆ ಹೋಗ್ಬೇಡಿ" ಎಂದಿದ್ದರು.

ನಮ್ಮದು ಮೂರು ಜನರ ಗುಂಪು, ಹುಡುಗಿ ನಾನೊಬ್ಬಳೇ. ನಿರ್ದೇಶನ ನನ್ನದು. ಕ್ಯಾಮೆರಾ ನಯಾಜ್‌ನದು. ನಟನೆ ಸೆಂದಿಲ್‌ನದು. ಸೆಂದಿಲ್ ಭದ್ರಾವತಿಯವನು. ಮನೆಯಲ್ಲಿ ತಮಿಳು, ಹೊರಗೆ ನಮಗಿಂತ ಚೆಂದದ ಕನ್ನಡ. ಅವನ ಅಪ್ಪ ಮುರುಗೇಶ್ ಅಂಕಲ್ ಭದ್ರಾವತಿ–ಶಿವಮೊಗ್ಗ ಓಡಾಡುವ ಪ್ರೈವೇಟ್ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದರು. ಮಗ ಐಟಿಐ ಮಾಡಲಿ ಎಂದಿದ್ದ ಅವರಿಗೆ ಈ ಸಿನಿಮಾ ಓದು ಅರ್ಥವಾಗಿರಲಿಲ್ಲ. ಆ ವಾರ ಫೋನಿನಲ್ಲಿ ಇಬ್ಬರಿಗೂ ಜಗಳವಾಗಿ, ನಾಲ್ಕು ದಿನದಿಂದ ಮಾತು ನಿಂತಿತ್ತು. ಸೆಂದಿಲ್ ಶಿವಮೊಗ್ಗದಲ್ಲೇ ರೂಮು ಮಾಡಿಕೊಂಡಿದ್ದ.

ಕಥೆ ನನ್ನದೇ. ಆ ಎರಡು ವರ್ಷಗಳಲ್ಲಿ ನಮ್ಮೂರಿನ ಪ್ರತಿ ಸರ್ಕಲ್ಲಿನಲ್ಲೂ ಶ್ರದ್ಧಾಂಜಲಿ ಫ್ಲೆಕ್ಸ್ ನೋಡಿ ನೋಡಿ ಕಣ್ಣು ಒಗ್ಗಿಹೋಗಿತ್ತು. ಒಬ್ಬ ಹುಡುಗ ಮಂಜಿನಲ್ಲಿ ನಡೆದು ಬರುತ್ತಾನೆ. ರಸ್ತೆ ಬದಿಯಲ್ಲಿ ತನ್ನದೇ ಶ್ರದ್ಧಾಂಜಲಿ ಫ್ಲೆಕ್ಸ್ ಕಾಣುತ್ತದೆ. ಅಷ್ಟೇ. ನನಗೆ ಬಹಳ ಹೆಮ್ಮೆಯಾಗಿತ್ತು.

ಸವಳಂಗ ರಸ್ತೆಯಲ್ಲಿ ನಯಾಜ್‌ನ ಮಾಮುವಿನ ಫ್ಲೆಕ್ಸ್ ಅಂಗಡಿ ಇದೆ. ಮೂವರೂ ಹೋದೆವು.

"ಬರ್ತ್‌ಡೇದಾ, ಶ್ರದ್ಧಾಂಜಲಿದಾ?" ಎಂದು ಮಾಮು ಕಂಪ್ಯೂಟರಿನಿಂದ ಮುಖ ಎತ್ತದೆ ಕೇಳಿದರು.

"ಶ್ರದ್ಧಾಂಜಲಿ ಮಾಮು."

"ಯಾರಪ್ಪ ಪಾಪ?"

ಸೆಂದಿಲ್ ಕೈ ಎತ್ತಿದ. ಮಾಮು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಿಂದಾ? ಹಲ್ಲು ಕಿರ್ಕೊಂಡು ನಿಂತಿದ್ದೀಯಲ್ಲ ಮಾರಾಯ. ಸತ್ತೋರು ಅಂಗಡಿಗೆ ಬಂದು ಆರ್ಡರ್ ಕೊಡೋದು ಇದೇ ಮೊದ್ಲು."

ನಕ್ಕೆವು. ಆದರೆ ವಿಷಯ ತಿಳಿದ ಮೇಲೆ ಅವರು ಒಪ್ಪಲಿಲ್ಲ. "ಬದುಕಿರೋನ ಫೋಟೋ ಪಕ್ಕ ದೀಪ ಹಾಕೋದು ಒಳ್ಳೇದಲ್ಲ. ನನ್ನ ಕೈಲಿ ಮಾಡಿಸ್ಬೇಡಿ" ಎಂದು ನಮಾಜಿಗೆ ಎದ್ದು ಹೋದರು. ಅವರು ಬರುವಷ್ಟರಲ್ಲಿ ನಯಾಜ್ ತಾನೇ ಕೂತು ಡಿಸೈನ್ ಮಾಡಿದ. ಹೆಸರು ಪಾತ್ರದ್ದು, ವಿಕ್ರಮ್ ಅಂತ. ಫೋಟೋ ಮಾತ್ರ ಸೆಂದಿಲ್‌ನದು. ಕೆಳಗೆ "ದುಃಖತಪ್ತ ಗೆಳೆಯರು" ಎಂದು ಬರೆದು ನನ್ನ ಮತ್ತು ನಯಾಜ್‌ನ ಫೋಟೋ ಹಾಕಿದೆವು. ಗೆಳೆಯರ ಮುಖಗಳಿಲ್ಲದ ಶ್ರದ್ಧಾಂಜಲಿ ನಮ್ಮ ಕಡೆ ಎಲ್ಲಿರುತ್ತದೆ? ಹಾಗೆ ಹೇಳಿದ್ದು ನಯಾಜ್ ಎಂದು ನನ್ನ ನೆನಪು. ನಾನೇ ಹಟ ಹಿಡಿದೆ ಎನ್ನುತ್ತಾನೆ ಅವನು.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ, ಭದ್ರಾವತಿ ದಾರಿಯ ಮಲವಗೊಪ್ಪದಲ್ಲಿ, ಮುಖ್ಯ ರಸ್ತೆಯ ಬದಿಯ ಎರಡು ಕಂಬಗಳಿಗೆ ಫ್ಲೆಕ್ಸ್ ಕಟ್ಟಿದೆವು. ಮಂಜು ನಾವು ಬಯಸಿದ ಹಾಗೇ ಇತ್ತು. ಸೆಂದಿಲ್ ಆರು ಸಲ ನಡೆದು ಬಂದ. ಎಂಟೂವರೆಗೆ ಆ ಭಾಗ ಮುಗಿಯಿತು. ಮುಂದಿನ ಶಾಟ್ ಇದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆ ಕೆಲಸ ನಿಂತ ಮೇಲೆ ಖಾಲಿ ಬಿದ್ದಿದ್ದ ಹಳೇ ಕ್ವಾರ್ಟರ್ಸ್‌ನಲ್ಲಿ. ಸೆಂದಿಲ್ ಮತ್ತು ನಯಾಜ್ ಬೈಕಿನಲ್ಲಿ ಮುಂದೆ ಹೋದರು. ಫ್ಲೆಕ್ಸ್ ಬಿಚ್ಚಿಕೊಂಡು ಸ್ಕೂಟಿಯಲ್ಲಿ ಬರುವುದು ನನ್ನ ಕೆಲಸ.

ಹೊರಡುವಾಗ ಸೆಂದಿಲ್, "ಮರೀದೆ ಬಿಚ್ಚು, ಹತ್ತೂವರೆಗೆ ಅಪ್ಪನ ಬಸ್ಸು ಇಲ್ಲೇ ಹೋಗುತ್ತೆ" ಎಂದನಂತೆ. ಬೈಕಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಕೇಳಿಸಿತ್ತೋ ಏನೋ. ಒಂದು ಗಂಟು ಬಿಚ್ಚಿದ್ದು ನಿಜ. ಅಷ್ಟರಲ್ಲಿ ಬಿಸಿಲು ಬಿದ್ದು ಫ್ಲೆಕ್ಸಿನಲ್ಲಿದ್ದ ಅವನ ಮುಖ ಹೊಳೆಯಿತು. ಸಂಜೆ ಬೆಳಕಿನಲ್ಲಿ ಇನ್ನೊಂದು ಶಾಟ್ ತೆಗೆಯಬಹುದು ಅನ್ನಿಸಿ ಗಂಟನ್ನು ಮತ್ತೆ ಕಟ್ಟಿದೆ.

ಭದ್ರಾವತಿಯಲ್ಲಿ ಸೆಂದಿಲ್ ಮನೆಗೆ ಹೋಗಿ ತಿಂಡಿ ತಿಂದೆವು. ಅಂಕಲ್ ಡ್ಯೂಟಿಗೆ ಹೋಗಿದ್ದರು. ಸೆಂದಿಲ್‌ನ ಅಮ್ಮ ಇಡ್ಲಿ ಬಡಿಸುತ್ತ, "ಅಪ್ಪ ಬಂದ್ಮೇಲೆ ಒಂದು ಮಾತಾಡ್ಸಿ ಹೋಗೋ" ಎಂದರು. "ನೋಡೋಣ" ಎಂದ ಇವನು. ಫ್ಲೆಕ್ಸ್ ಎಲ್ಲಿ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕ್ವಾರ್ಟರ್ಸ್ ತಲುಪಿದೊಡನೆ ಮೂವರ ಫೋನನ್ನೂ ಆಫ್ ಮಾಡಿಸಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಹಿಂದಿನ ಅಭ್ಯಾಸದ ಚಿತ್ರೀಕರಣದಲ್ಲಿ ಒಳ್ಳೆಯ ಟೇಕೊಂದು ರಿಂಗ್‌ಟೋನಿನಿಂದ ಹಾಳಾಗಿತ್ತು. ಆಮೇಲೆ ನಾನೇ ಮಾಡಿದ ನಿಯಮ ಅದು.

ನಮ್ಮ ಕಥೆಯ ಹುಡುಗ ತಾನು ಸತ್ತಿರುವುದು ಗೊತ್ತಿಲ್ಲದೆ ಮನೆ ಬಾಗಿಲು ತೆರೆದು ಹೊರಗೆ ಬರಬೇಕು. ಅದಕ್ಕೆ ಸೆಂದಿಲ್ ಮುಖಕ್ಕೆ ದಪ್ಪಗೆ ಪೌಡರ್ ಬಳಿದಿದ್ದೆವು. ಬಾಗಿಲು ಕಿರುಗುಟ್ಟುವ ಶಬ್ದ ಮೊದಲು, ಆಮೇಲೆ ಕೈ, ಆಮೇಲೆ ಮುಖ. ಮತ್ತೆ ಮತ್ತೆ ತೆಗೆದೆವು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಸೆಂದಿಲ್ ಒಳಗಿದ್ದ. ಕ್ಯಾಮೆರಾ ಓಡುತ್ತಿತ್ತು. ಆಗ ಖಾಕಿ ಅಂಗಿಯ ಒಬ್ಬರು, ಹೆಗಲಿನಲ್ಲಿ ಟಿಕೆಟಿನ ಚೀಲ ಹಾಗೇ ಇದ್ದಂತೆ, ಬಾಗಿಲಿನ ಎದುರಿಗೆ ಬಂದರು. ಬಾಗಿಲು ತೆರೆಯಿತು.

ಇದರ ಮುಂದಿನದನ್ನು ನಾನು ಹೇಳುತ್ತ ಬಂದದ್ದು ಹೀಗೆ. ನಾನು ಕೂಡಲೇ "ಕಟ್" ಎಂದೆ. ಮುರುಗೇಶ್ ಅಂಕಲ್ ಓಡಿಹೋಗಿ ಮಗನನ್ನು ತಬ್ಬಿಕೊಂಡರು. ಆ ದಿನದ ಡೈರಿಯಲ್ಲೂ ಹೀಗೇ ಬರೆದಿದ್ದೇನೆ.

ಆಮೇಲಿನದು ಮೂವರಿಗೂ ಒಂದೇ ರೀತಿ ನೆನಪಿದೆ. ಅಂಕಲ್ ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು. ಸೆಂದಿಲ್‌ನ ಮಣಿಕಟ್ಟು ಹಿಡಿದವರು ಬಿಡಲೇ ಇಲ್ಲ. ನೀರು ಕುಡಿದ ಮೇಲೆ ಮಾತಾಡಿದರು.

"ಬಸ್ಸಿನಿಂದ ನೋಡಿದೆ ಕಣಮ್ಮ. ಇವನ ಮುಖ. ಅದರ ಕೆಳಗೆ ನಿನ್ನ ಮುಖ, ಈ ಹುಡುಗನ ಮುಖ. ಯಾರೋ ಇವನ ಹಾಗೆ ಇರೋರು ಅಂತ ಅಂದ್ಕೊಳ್ಳೋಕೂ ಆಗ್ಲಿಲ್ಲ. ನೀವಿಬ್ರೂ ನಮ್ಮನೇಲಿ ಊಟ ಮಾಡಿದೋರು."

"ಹೆಸರು ಬೇರೆ ಇತ್ತು ಅಂಕಲ್" ಎಂದೆ. ಈ ಮಾತನ್ನು ಯಾಕೆ ಆಡಿದೆನೋ.

"ಹೆಸರು ಯಾರು ನೋಡ್ತಾರಮ್ಮ."

ಮೂವರಿಗೂ ಫೋನ್ ಮಾಡಿದರಂತೆ. ಮೂರೂ ಆಫ್. ಹೆಂಡತಿಗೆ ಫೋನ್ ಮಾಡಿ ಏನೆಂದು ಹೇಳುವುದು ಎಂದು ಮಾಡಲಿಲ್ಲ. ಶಿವಮೊಗ್ಗ ಬಂದದ್ದೇ ಡ್ಯೂಟಿ ಬಿಟ್ಟು ಆಸ್ಪತ್ರೆಗೆ ಹೋದರು. ಶವಾಗಾರದ ಹತ್ತಿರ ನಿಂತು, ಇಪ್ಪತ್ತೆರಡು ವರ್ಷದ ಹುಡುಗ ಎಂದು ಕೇಳಿದರು. ಅಪಘಾತದಲ್ಲಿ ಹೋದ, ಯಾರೂ ಗುರುತು ಹೇಳದ ಒಬ್ಬ ಹುಡುಗ ಅಲ್ಲಿದ್ದ. ಬಟ್ಟೆ ಸರಿಸಿ ತೋರಿಸಿದರು.

"ನನ್ನ ಮಗ ಅಲ್ಲ ಅಂತ ಗೊತ್ತಾಗಿ ಸಂತೋಷ ಆಯ್ತು. ಯಾರದೋ ಮಗ ಅಲ್ಲಿ ಮಲಗಿದ್ದಾನೆ, ನಾನು ಸಂತೋಷಪಟ್ಟೆ."

ಅಲ್ಲಿಂದ ಮನೆಗೆ. ಮಲವಗೊಪ್ಪ ಬಂದಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡರು. ಮಗ ಒಂಬತ್ತಕ್ಕೆ ಇಡ್ಲಿ ತಿಂದು ಕ್ವಾರ್ಟರ್ಸ್ ಕಡೆ ಹೋದ ಎಂದು ಹೆಂಡತಿ ಹೇಳಿದಾಗಲೂ ಧೈರ್ಯ ಬರಲಿಲ್ಲ. "ಒಂಬತ್ತಕ್ಕೆ ತಿಂದಿದ್ದಾನೆ, ಹತ್ತೂವರೆಗೆ ಬ್ಯಾನರ್ ನೋಡಿದ್ದೀನಿ. ಅಂದ್ರೆ ಅದರ ಮಧ್ಯ ಏನೋ ಆಗಿದೆ. ಅಷ್ಟೇ ತಲೆಗೆ ಹೋಗಿದ್ದು."

ಬೈಯಲಿಲ್ಲ. ಎದ್ದು ನಿಲ್ಲುವಾಗ ನನ್ನನ್ನು ಮಾತ್ರ ಕೇಳಿದರು. "ಬಿಚ್ಚೋಕೆ ಎಷ್ಟು ಹೊತ್ತು ಬೇಕಿತ್ತಮ್ಮ?"

ಆ ಸಂಜೆ ನಾನೊಬ್ಬಳೇ ಹೋಗಿ ಫ್ಲೆಕ್ಸ್ ಬಿಚ್ಚಿದೆ. ಎರಡು ನಿಮಿಷವೂ ಬೇಕಾಗಲಿಲ್ಲ. ಆ ಚಿತ್ರವನ್ನು ನಾವು ಒಪ್ಪಿಸಲಿಲ್ಲ. ಬೇರೇನೋ ತೆಗೆದು ಕೊಟ್ಟು ಪಾಸಾದೆವು. ಡ್ಯೂಟಿಯ ನಡುವೆ ಬಸ್ಸು ಬಿಟ್ಟು ಹೋದದ್ದಕ್ಕೆ ಅಂಕಲ್‌ಗೆ ಹದಿನೈದು ದಿನ ಡ್ಯೂಟಿ ಕೊಡಲಿಲ್ಲ. ಕೊಟ್ಟ ಮೇಲೂ ಅವರು ಆ ದಾರಿ ಬೇಡವೆಂದು ಚನ್ನಗಿರಿ ಕಡೆಯ ಬಸ್ಸಿಗೆ ಹೋದರು. ಸೆಂದಿಲ್ ರೂಮು ಬಿಟ್ಟು ದಿನಾ ಮನೆಯಿಂದ ಓಡಾಡತೊಡಗಿದ. ಅವನು ಫೋನ್ ಎತ್ತುವುದು ಸ್ವಲ್ಪ ತಡವಾದರೂ ಅಂಕಲ್ ನನಗೆ ಮಾಡುತ್ತಿದ್ದರು. "ಸೆಂದಿಲ್ ಕ್ಲಾಸಲ್ಲಿ ಇದ್ದಾನಾಮ್ಮ?" ಇದ್ದಾನೆ ಎಂದರೂ, "ಕಾಣಿಸ್ತಾ ಇದ್ದಾನಾ?" ಎಂದು ಕೇಳುತ್ತಿದ್ದರು.

ಕಳೆದ ವರ್ಷ ನಯಾಜ್ ಹಳೆಯ ಹಾರ್ಡ್‌ಡಿಸ್ಕ್ ಖಾಲಿ ಮಾಡುವಾಗ ಆ ದಿನದ ಫೈಲುಗಳನ್ನೆಲ್ಲ ನನಗೆ ಕಳಿಸಿದ. ರವೀಂದ್ರನಗರದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಒಂದೊಂದಾಗಿ ನೋಡಿದೆ. ಕೊನೆಯ ಟೇಕ್ ಅಲ್ಲಿತ್ತು.

ಬಾಗಿಲು ತೆರೆಯುತ್ತದೆ. ಬಿಳಿ ಮುಖದ ಸೆಂದಿಲ್. ಎದುರಿಗೆ ಅಂಕಲ್. ಅವರು ಓಡಿಹೋಗುವುದಿಲ್ಲ. ನಿಂತಿದ್ದಾರೆ. ಸೆಂದಿಲ್ "ಅಪ್ಪಾ" ಎಂದು ಒಂದು ಹೆಜ್ಜೆ ಇಡುತ್ತಾನೆ. ಅಂಕಲ್ ಹಿಂದಕ್ಕೆ ಸರಿಯುತ್ತಾರೆ. ಅವನು ಇನ್ನೊಂದು ಹೆಜ್ಜೆ ಇಟ್ಟಾಗ ಎರಡೂ ಕೈ ಅಡ್ಡ ಹಿಡಿದು ಮತ್ತೆ ಸರಿಯುತ್ತಾರೆ, ಹತ್ತಿರ ಬರಬೇಡ ಎನ್ನುವಂತೆ. ನಯಾಜ್‌ನ ದನಿ ಸಣ್ಣಗೆ, "ಆಫ್ ಮಾಡ್ಲಾ?" ಎನ್ನುತ್ತದೆ. ಅದಕ್ಕೆ ನನ್ನ ದನಿ, "ಬೇಡ, ಬೇಡ, ಇರ್ಲಿ."

ನನ್ನ ದನಿಯಲ್ಲಿ ಗಾಬರಿ ಇರಲಿಲ್ಲ. ಖುಷಿಯಿತ್ತು. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೆ ಇತ್ತು. ಅದೇ ದಿನ ಡೈರಿಯಲ್ಲಿ ಸುಳ್ಳು ಬರೆದವಳು ಬೇಕೆಂದೇ ಬರೆದಳೋ, ಅಷ್ಟರಲ್ಲೇ ನಂಬಿಬಿಟ್ಟಿದ್ದಳೋ, ನನಗೆ ತಿಳಿಯುತ್ತಿಲ್ಲ.

ಒಂದು ವಾರ ಸಂಕಟಪಟ್ಟು, ಅಂಕಲ್‌ಗೆ ಹೇಳಿ ಕ್ಷಮೆ ಕೇಳಬೇಕೆಂದು ಭದ್ರಾವತಿ ಬಸ್‌ಸ್ಟ್ಯಾಂಡಿಗೆ ಹೋದೆ. ಅವರು ಟ್ರಿಪ್ ಮುಗಿಸಿ ಟೀ ಕುಡಿಯುತ್ತಿದ್ದರು. "ಬಾಮ್ಮ, ಡೈರೆಕ್ಟ್ರೇ" ಎಂದು ನಕ್ಕು ನನಗೂ ಒಂದು ಟೀ ಹೇಳಿದರು. ಆವತ್ತು ಕ್ಯಾಮೆರಾ ಓಡುತ್ತಿತ್ತು, ನಿಲ್ಲಿಸಬೇಡ ಎಂದದ್ದು ನಾನೇ ಎಂದೆ. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ಇದೆಯಾ ಅದು? ತೋರ್ಸು" ಎಂದರು.

ತೋರಿಸಿದೆ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ನೋಡಿದರು.

"ನಾನು ಓಡಿ ಹೋದೆನಲ್ಲ" ಎಂದರು. ಆಮೇಲೆ, "ಹಿಂದೆ ಯಾಕೆ ಹೋಗ್ತಾ ಇದ್ದೀನಿ?"

ಮತ್ತೊಮ್ಮೆ ನೋಡಿದರು.

"ಮಗನಮ್ಮ ಅವನು" ಎಂದರು. ಫೋನ್ ವಾಪಸು ಕೊಡುತ್ತ, "ಇದನ್ನ ಅವನಿಗೆ ತೋರಿಸ್ಬೇಡ. ಅಳಿಸ್ಬಿಡು." ಅವರ ಎದುರೇ ಅಳಿಸಿದೆ. ಟೀ ಹಾಗೇ ಬಿಟ್ಟು ಬಸ್ಸು ಹತ್ತಿದರು.

ಎರಡು ದಿನದ ಮೇಲೆ ಸೆಂದಿಲ್ ಫೋನ್ ಮಾಡಿದ. ಅವನೀಗ ದಾವಣಗೆರೆಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ. "ಅಪ್ಪ ಸರಿಯಾಗಿ ಮಾತಾಡ್ತಿಲ್ಲ. ನಿನ್ನನ್ನ ನೋಡಿದೆ ಅಂದ್ರು. ಏನು ಹೇಳ್ದೆ ಅವ್ರಿಗೆ?"

ವಿಡಿಯೊ ಸಿಕ್ಕಿತು ಎಂದೆ. ಅವನು ಕೂಡಲೇ, "ತೋರಿಸ್ಬಿಟ್ಯಾ?" ಎಂದ.

"ನಿನಗೆ ನೆನಪಿದೆಯಾ ಅದು?"

"ನೆನಪಿಲ್ದೇ ಏನು ಮಾರಾಯ್ತಿ. ನನ್ನ ನೋಡಿ ಹೆದರ್ಕೊಂಡು ಹಿಂದೆ ಹೋದ್ರು. ಆವತ್ತು ಮನೆಗೆ ಹೋದ್ಮೇಲೆ, ಅಲ್ಲಿ ಏನಾಯ್ತೋ ನಂಗೆ ನೆನಪೇ ಆಗ್ತಿಲ್ಲ ಅಂದ್ರು. ನೀವು ಓಡಿ ಬಂದು ತಬ್ಕೊಂಡ್ರಿ ಅಂತ ನಾನೇ ಹೇಳ್ಕೊಟ್ಟೆ. ಅದನ್ನೇ ರಾತ್ರಿ ಫೋನಲ್ಲಿ ನಿಮ್ಮಿಬ್ರಿಗೂ ಹೇಳಿದ್ದು. ನೀನು ಒಂದು ಮಾತು ನನ್ನ ಕೇಳ್ಬಹುದಿತ್ತು."

ಹೌದು, ಕೇಳಬಹುದಿತ್ತು. ಫ್ಲೆಕ್ಸ್ ಕಟ್ಟಿಯೇ ಇರಲಿ ಎಂದುಕೊಂಡಾಗಲೂ ನಾನು ಅವನನ್ನು ಕೇಳಿರಲಿಲ್ಲ.

ಇದನ್ನು ಬರೆಯುವ ಮೊದಲು ಮಾತ್ರ ಕೇಳಿದೆ. "ಬರಿ, ಹೆಸರು ಹಾಕ್ಬೇಡ. ಅಪ್ಪನ ಕಣ್ಣಿಗೆ ಬಿದ್ರೆ ಬೀಳ್ಲಿ. ನಂಗೆ ಮೊದಲೇ ಗೊತ್ತಿತ್ತು, ನಂಗೇನೂ ಬೇಜಾರಿಲ್ಲ ಅಂತ ತಿಳೀಲಿ. ನಾನಾಗಿ ಹೇಳೋಕೆ ಬಾಯಿ ಬರ್ತಿಲ್ಲ" ಎಂದ.

ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎಂದು ನಂಬಿ ಆ ದಿನ ಭದ್ರಾವತಿಗೆ ಹೋಗಿದ್ದೆ. ಹಗುರವಾದದ್ದೂ ಹೌದು, ವಾಪಸು ಬರುವ ಬಸ್ಸಿನಲ್ಲಿ ನಿದ್ದೆ ಬಂದಿತ್ತು ನನಗೆ. ಅದೇ ಹೊತ್ತಿನಲ್ಲಿ ಮುರುಗೇಶ್ ಅಂಕಲ್ ಚನ್ನಗಿರಿ ದಾರಿಯಲ್ಲಿ ಟಿಕೆಟ್ ಕೊಡುತ್ತ, ಮಗನಿಂದ ತಾನು ಯಾಕೆ ಹಿಂದೆ ಸರಿದೆ ಎಂದು ಕೇಳಿಕೊಳ್ಳುತ್ತಿದ್ದಿರಬೇಕು.