ಹುಳದ ಮನೆಯಲ್ಲಿ ಕೂತ ಎಂಜಿನ್ನು

ಆಗ ನನಗೆ ಅರವತ್ತೆರಡು. ಈಗ್ಗೆ ಹದಿನಾರು ವರ್ಷದ ಹಿಂದಿನ ಮಾತು. ವಯಸ್ಸನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಬರುವವರೆಲ್ಲ ಹಳಬರೇ: ನಾನು, ನಮ್ಮ ಯಜಮಾನರು, ನಮ್ಮ ಜೀಪು. ಮೂವರಲ್ಲಿ ಹೊಗೆ ಬಿಡದೆ ಇದ್ದವಳು ನಾನೊಬ್ಬಳೇ. ಯಜಮಾನರದು ಬೀಡಿಯ ಹೊಗೆ, ಬೆಳ್ಳಗಿರುತ್ತಿತ್ತು. ಜೀಪಿನದು ನೀಲಿ.

ಜೀಪಿನ ವಿಷಯ ಇವಳಿಗೇನು ಗೊತ್ತು ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ನಾನು ಓದಿದ್ದು ಮೂರನೆ ಕ್ಲಾಸು, ಅದರಲ್ಲೂ ಅರ್ಧ ದಿನ ದನದ ಹಿಂದೆ. ಆದರೆ ಆ ಜೀಪಿನಲ್ಲಿ ನನಗೊಂದು ಹುದ್ದೆ ಇತ್ತು. ನಮ್ಮ ಮನೆ, ತೋಟ ಎಲ್ಲ ಮರಳವಾಡಿ ಕಡೆ ಒಂದು ಬಂಡೆಯ ಬೆನ್ನ ಮೇಲೆ. ಟಾರು ರಸ್ತೆ ಕೆಳಗೇ ನಿಂತುಬಿಡುತ್ತದೆ, ಹತ್ತಲಾರೆ ಎಂದು ಕೂತವರ ಹಾಗೆ. ಅಲ್ಲಿಂದ ಮೇಲಕ್ಕೆ ಕಲ್ಲು, ಕೊರಕಲು, ಮಳೆ ಬಂದರೆ ಜಾರು. ಆ ದಿಬ್ಬದಲ್ಲಿ ಜೀಪು ಉಸಿರು ಕಟ್ಟಿ ಹಿಂದಕ್ಕೆ ಸರಿಯತೊಡಗಿದರೆ ಹಿಂಬದಿಯಿಂದ ಕೆಳಕ್ಕೆ ಧುಮುಕಿ ಚಕ್ರಕ್ಕೆ ಕಲ್ಲು ಕೊಡಬೇಕು. ಆ ಕೆಲಸ ನನ್ನದು. ಬೇರೆ ಹೆಂಗಸರು ಮಡಿಲಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾರೆ. ನಾನು ಒಂದು ಗುಂಡುಕಲ್ಲು ಕೂರಿಸಿಕೊಂಡು ರಾಮನಗರಕ್ಕೆ ಹೋಗುತ್ತಿದ್ದೆ. ಎಂಜಿನ್ನಿನ ಆರೋಗ್ಯ ಓಡಿಸುವವನಿಗಿಂತ ಕಲ್ಲು ಕೊಡುವವಳಿಗೆ ಮೊದಲು ತಿಳಿಯುತ್ತದೆ.

ಜೀಪನ್ನು ಯಜಮಾನರು ತಂದದ್ದು ಗುಡೇಮಾರನಹಳ್ಳಿಯ ಒಬ್ಬ ದೊಡ್ಡ ಹಿಡುವಳಿದಾರರಿಂದ. "ಶಿಕಾರಿಗೆ ಅಂತ ಮಡಗಿದ್ದೆ" ಎಂದು ಅವರು ಮೀಸೆ ತಿರುವಿದರಂತೆ. ಮನೆಗೆ ತಂದು ಸೀಟು ಎತ್ತಿದರೆ ಅಡಿಯಲ್ಲಿ ಕೋಳಿ ಕಾವಿಗೆ ಕೂತಿದ್ದ ಗುರುತು. ಆದರೂ ನಾಲ್ಕು ಚಕ್ರಕ್ಕೂ ಎಳೆತ ಇದ್ದ ಗಾಡಿ ಅದು. ನಮ್ಮದು ರೇಷ್ಮೆ ಹುಳದ ಬದುಕು. ಹುಳ ಗೂಡು ಕಟ್ಟಿತೆಂದರೆ ನಮ್ಮ ಬಿಡುವು ನೋಡಿಕೊಂಡು ಕಾಯುವುದಿಲ್ಲ. ತಡ ಮಾಡಿದರೆ ಒಳಗಿನದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹಾರಿಹೋಗುತ್ತದೆ, ನೂಲು ಹಾಳು. ಆದ್ದರಿಂದ ದಿಬ್ಬ ಇಳಿದು ಮಾರ್ಕೆಟ್ಟು ಮುಟ್ಟಿಸುವ ಜೀಪು ನಮ್ಮ ಮನೆಯ ಸದಸ್ಯ. ಯಜಮಾನರ ಮಟ್ಟಿಗೆ ನನಗಿಂತ ಮೇಲಿನ ಸದಸ್ಯ. ಅದಕ್ಕೆ ಜ್ವರ ಬಂದರೆ ಅವರು ಊಟ ಬಿಡುತ್ತಿದ್ದರು. ನನಗೆ ಜ್ವರ ಬಂದರೆ ಊಟ ಯಾಕೆ ತಡ ಎಂದು ಕೇಳುತ್ತಿದ್ದರು.

ಆ ವರ್ಷ ಮಾರ್ಕೆಟ್ಟಿಗೆ ಗೂಡು ಹಾಕಿ ಬರುವಾಗ ಖಾಲಿ ಜೀಪೇ ದಿಬ್ಬ ಹತ್ತಲಿಲ್ಲ. ಖಾಲಿ ಎಂದರೆ ನಾನು, ನನ್ನ ಕಲ್ಲು. ಎಣ್ಣೆ ಕುಡಿಯುವುದು, ನೀಲಿ ಹೊಗೆ ಕಾರುವುದು ಮೊದಲೇ ಇತ್ತು. ಅವತ್ತು ಕೆಮ್ಮಿ, ನಡುಗಿ, ನಿಂತೇಬಿಟ್ಟಿತು. "ಒಸಿ ಬಿಸಿಯಾಗೈತೆ ಅಷ್ಟೇಯ" ಎಂದರು ಯಜಮಾನರು. ಅವರ ತಂದೆ ಉಸಿರು ಬಿಟ್ಟ ದಿನವೂ ಹೀಗೇ ಒಸಿ ನಿದ್ದೆ ಬಂದೈತೆ ಎಂದಿದ್ದವರು. ನಾನು ಕಲ್ಲು ಕೊಟ್ಟು ನಡೆದುಕೊಂಡೇ ಮನೆ ಸೇರಿದೆ, ಜೀಪನ್ನು ಎತ್ತು ಕಟ್ಟಿ ಮೇಲಕ್ಕೆ ಎಳೆಸಿದರು.

ರಾಮನಗರದಿಂದ ಮೆಕಾನಿಕ್ ಮುನೀರ್ ಸಾಬರು ಬಂದರು. ಹುಣಸೆ ಮರದ ಕೊಂಬೆಗೆ ಸರಪಳಿ ರಾಟೆ ಕಟ್ಟಿ ಎಂಜಿನ್ನನ್ನು ಜೀಪಿನಿಂದ ಮೇಲೆತ್ತಿ, ತಲೆ ಬಿಚ್ಚಿ, ಒಳಗೆ ಬೆರಳು ಆಡಿಸಿದರು.

"ಯಜಮಾನ್ರೇ, ಒಳಗೆ ಪಿಸ್ಟನ್ ಆಡೋ ಬೋರಿನ ಗೋಡೆ ಪೂರಾ ಸವ್ದೈತೆ. ಎರಡೇ ದಾರಿ. ಲೇತಲ್ಲಿ ಕೊರೆಸಿ, ಒಸಿ ದಪ್ಪ ಪಿಸ್ಟನ್ ಹಾಕೋದು. ಇಲ್ಲಾ ಇದನ್ನ ಗುಜರಿಗೆ ಕೊಟ್ಟು ಬ್ಯಾರೆ ಎಂಜಿನ್ ಕೂರ್ಸೋದು. ಯಾವ್ದು ಅಂತ ಹೇಳಿ ಕಳ್ಸಿ, ಬತ್ತೀನಿ. ಅಲ್ಲೀಗಂಟ ಒಂದು ಕಣ ಧೂಳು ಒಳಕ್ಕೆ ಬೀಳ್ಬಾರ್ದು, ನೋಡ್ಕಳಿ."

ಅಲ್ಲೇ ಎಡವಟ್ಟಾದದ್ದು. ಧೂಳು ಬೀಳಬಾರದು ಎಂದರೆ ಆ ಕಾಲದಲ್ಲಿ ನಮ್ಮ ಕಡೆ ಎಂಜಿನ್ನನ್ನು ಇಡುವುದೆಲ್ಲಿ? ಕೆಳಗಿನ ರಾಗಿ ಹೊಲಗಳೆಲ್ಲ ಕಾರ್ಖಾನೆಗೆ ಹೋಗಿ, ಹಗಲೆಲ್ಲ ಯಂತ್ರಗಳು ನೆಲ ಸಮ ಮಾಡುತ್ತಿದ್ದವು. ಗಾಳಿ ಎದ್ದರೆ ಮುದ್ದೆಯಲ್ಲಿ ಧೂಳು, ನೀರಲ್ಲಿ ಧೂಳು, ಹಸುವಿನ ರೆಪ್ಪೆಯ ಮೇಲೂ ಧೂಳು. ಇಡೀ ಹೋಬಳಿಯಲ್ಲಿ ಧೂಳಿಲ್ಲದ ಜಾಗ ಒಂದೇ: ನನ್ನ ಹುಳದ ಮನೆ. ಕಿಟಕಿಗೆಲ್ಲ ನೊಣ ಬಾರದ ಹಾಗೆ ಬಲೆ, ಗೋಡೆಗೆ ಸುಣ್ಣ, ನೆಲ ತೊಳೆದು ನೆಕ್ಕುವ ಹಾಗೆ. ಹುಳದ ಒಂದು ಬೆಳೆ ಮುಗಿದು ಇನ್ನೊಂದಕ್ಕೆಂದು ಅದನ್ನು ಖಾಲಿ ಬಿಟ್ಟಿದ್ದೆ. ನಾನು ಸೊಪ್ಪಿನ ತೋಟದಿಂದ ಬರುವಷ್ಟರಲ್ಲಿ ಎಂಜಿನ್ನನ್ನು ಬೊಂಬಿಗೆ ಕಟ್ಟಿ, ಉತ್ಸವದ ದೇವರ ಹಾಗೆ ಹೊತ್ತು ತಂದು, ಅಲ್ಲಿ ನಡುಮಧ್ಯೆ ಕೂರಿಸಿದ್ದರು. ಒಂದು ಮಾತು ಒಪ್ಪಬೇಕು, ನಿಯಮ ಮುರಿದಿರಲಿಲ್ಲ. ಹುಳದ ಮನೆಗೆ ಕಾಲು ತೊಳೆಯದೆ ಹೋಗಬಾರದು, ಬೀಡಿ ಹೊರಗಿಡಬೇಕು. ಎಲ್ಲರೂ ಕಾಲು ತೊಳೆದೇ ಹೋಗಿದ್ದರು. ಯಜಮಾನರ ಬೀಡಿಕಟ್ಟು ಹೊಸ್ತಿಲ ಹೊರಗೆ ಭಕ್ತಿಯಿಂದ ಕೂತಿತ್ತು. ಎಣ್ಣೆ ನಾರುವ ಎಂಜಿನ್ನಿನ ಕಾಲು ತೊಳೆಯುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ಅಲ್ಲೇ ಎಂಜಿನ್ನಿನ ಸುತ್ತ ಸಂಜೆ ಸಂಜೆ ಪಂಚಾಯಿತಿ. ಸಾತನೂರಿನಿಂದ ನನ್ನ ತಮ್ಮ ಶಿವಲಿಂಗ ಬಂದು ಇಲ್ಲೇ ಝಾಂಡಾ ಹೊಡೆದ. ಕಾರ್ಖಾನೆಯವರಿಗೆ ಮಣ್ಣು ಹೊಡೆಯುವ ಲಾರಿ ಇಟ್ಟುಕೊಂಡವನು, ಎಂಜಿನ್ನೆಂದರೆ ತನಗೇ ಗೊತ್ತೆಂಬ ಜಂಬ.

"ಭಾವ, ಡೀಜಲ್ ಎಂಜಿನ್ ಕೂರ್ಸಿ ಅತ್ಲಾಗಿ. ದಿಬ್ಬ ಏನು, ಗೋಡೆ ಹತ್ತದೆ."

"ಲೇ, ಜೀಪಿಗೆ ಡೀಜಲ್ ಕೂರ್ಸುದ್ರೆ ರಾಗಿ ಮಿಲ್ಲು ಹತ್ಕೊಂಡು ಓಡಾಡ್ದಂಗಿರ್ತದೆ ಕಣ್ಲಾ. ಇದರ ಸದ್ದು ಕೇಳಿದ್ದೀಯಾ ನೀನು?"

"ಕೇಳ್ದೆ ಏನು? ಮರಳವಾಡೀಲಿ ನೀವು ಸ್ಟಾರ್ಟ್ ಮಾಡುದ್ರೆ ಸಾತನೂರಲ್ಲಿ ನಮ್ಮ ನಾಯಿ ಬೊಗಳ್ತದೆ!"

ಯಜಮಾನರಿಗೆ ಹಳೆಯದನ್ನೇ ಉಳಿಸಿಕೊಳ್ಳುವ ಆಸೆ, ಆದರೆ ಭಾಮೈದನ ಬಾಯಿಗೆ ಎದುರು ನಿಲ್ಲುವ ಶಕ್ತಿ ಇಲ್ಲ. ಹಾಗಾಗಿ ಸಾಬರಿಗೆ ಯಾವ ಮಾತೂ ಹೋಗಲಿಲ್ಲ. ಟೀ ಮಾತ್ರ ಹೋಗುತ್ತಿತ್ತು, ನನ್ನ ಒಲೆಯಿಂದ ಇವರಿಬ್ಬರ ಹೊಟ್ಟೆಗೆ.

ನಾನೂ ಯೋಚಿಸಿದೆ. ಯೋಚನೆಗೆ ಓದು ಬೇಕಿಲ್ಲ, ಪಾತ್ರೆ ಉಜ್ಜುವ ಕೆಲಸವೊಂದಿದ್ದರೆ ಸಾಕು. ಬದಲಿಸುವ ವಿಷಯದಲ್ಲಿ ನನಗೆ ಸ್ವಂತ ಅನುಭವವಿತ್ತು. ಅದಕ್ಕೆ ಹಿಂದಿನ ವರ್ಷ ಕನಕಪುರದ ಹಲ್ಲಿನ ಡಾಕ್ಟರು, ಉಳಿದ ಹಲ್ಲುಗಳನ್ನು ರಿಪೇರಿ ಮಾಡಿಸುತ್ತೀರೋ, ಎಲ್ಲ ಕಿತ್ತು ಹೊಸ ಸೆಟ್ಟು ಹಾಕಿಸುತ್ತೀರೋ ಎಂದು ಕೇಳಿದ್ದರು. ಹೊಸ ಸೆಟ್ಟೇ ಆಗಲಿ ಎಂದೆ. ಮುದ್ದೆ ನುಂಗುವವಳಿಗೆ ಹಲ್ಲು ಯಾತಕ್ಕೆ ಎಂಬುದು ಆಮೇಲೆ ಹೊಳೆಯಿತು. ಈಗ ಅದನ್ನು ಮದುವೆಗೆ ಹೋಗುವಾಗ ಹಾಕಿಕೊಳ್ಳುತ್ತೇನೆ, ಒಡವೆಯ ಹಾಗೆ. ಊಟಕ್ಕೆ ಕೂತಾಗ ತೆಗೆದು ಸೆರಗಿಗೆ ಕಟ್ಟಿಕೊಳ್ಳುತ್ತೇನೆ.

ಇನ್ನು ರಿಪೇರಿ. ಹಿಂದೆ ಮನೆಯಲ್ಲಿ ರಾಗಿ ಬೀಸುವ ಕಲ್ಲಿತ್ತು. ಬೀಸಿ ಬೀಸಿ ಕಲ್ಲಿನ ಮೈ ನುಣುಪಾದರೆ ಹಿಟ್ಟು ಬೀಳದು. ಆಗ ಕಲ್ಲು ಕುಟ್ಟುವವಳು ಬಂದು ಉಳಿಯಿಂದ ಟಕಟಕ ಹೊಡೆದು ಮತ್ತೆ ಒರಟು ಮಾಡಿ ಹೋಗುತ್ತಿದ್ದಳು. ಕಲ್ಲು ಹೊಸದಾಗುತ್ತಿತ್ತು, ಆದರೆ ಒಸಿ ತೆಳುವಾಗುತ್ತಿತ್ತು. ನಮ್ಮತ್ತೆ ಕಲ್ಲಿನ ಅಂಚಿಗೆ ಬೆರಳಿಟ್ಟು ದಪ್ಪ ನೋಡದೆ ಅವಳ ಕೈಗೆ ಉಳಿ ಕೊಡುತ್ತಿರಲಿಲ್ಲ. ಇನ್ನೆಷ್ಟು ಸಲ ತಡೆಯುತ್ತದೆ ಎಂಬುದು ಅತ್ತೆಯ ಪ್ರಶ್ನೆ. ಚನ್ನಪಟ್ಟಣದಲ್ಲಿ ಬೊಂಬೆಗೆಂದು ಲೇತಿನಲ್ಲಿ ಮರ ತಿರುವುತ್ತಾರಲ್ಲ, ಅಲ್ಲಿ ಮರದ ಹೊರಮೈ ಕೆತ್ತುತ್ತಾರೆ, ಎಂಜಿನ್ನಿನದು ಒಳಮೈ. ಎಲ್ಲಿ ಕೆತ್ತಿದರೂ ಕೆತ್ತಿದಷ್ಟು ಹೋಯಿತು. ಸಂಜೆಯ ಪಂಚಾಯಿತಿಯಲ್ಲಿ ಸದ್ದಿನ ಮಾತು, ಶಕ್ತಿಯ ಮಾತು, ಮಾನದ ಮಾತು ಎಲ್ಲ ಬಂದವು. ದಪ್ಪದ ಮಾತು ಬರಲಿಲ್ಲ.

ಈ ನಡುವೆ ನನಗೆ ಬೇರೆಯದೇ ಚಿಂತೆ. ಚಾಕಿ ಹುಳಕ್ಕೆ, ಅಂದರೆ ಮರಿ ಹುಳಕ್ಕೆ, ಹೇಳಿಬಿಟ್ಟಿದ್ದೆ; ಗುರುವಾರ ಬರಬೇಕಿತ್ತು. ಸೋಮವಾರ ಪಕ್ಕದ ತೋಟದ ಸಾಕಮ್ಮನಿಂದ ಒಂದು ಹಿಡಿ ಹುಳ ಕೇಳಿ ತಂದು, ಎಂಜಿನ್ನಿನ ಪಕ್ಕ ಸೊಪ್ಪು ಹಾಕಿ ಬಿಟ್ಟೆ. ಅವು ಎಣ್ಣೆಯ ನಾತಕ್ಕೆ ತಲೆ ಎತ್ತಿಕೊಂಡು ಸುಮ್ಮನಿದ್ದವು, ಸಾರು ಹಳಸಿದೆ ಎಂದು ಬಾಯಿಬಿಟ್ಟು ಹೇಳಲಾರದ ನೆಂಟರ ಹಾಗೆ. ಒಂದೆಲೆಯೂ ತೂತಾಗಲಿಲ್ಲ. ಮರಿ ಹುಳ ಸೊಪ್ಪು ಬಿಟ್ಟರೆ ಬೆಳೆ ಹೋಯಿತು. ಆಮೇಲೆ ಜೀಪಿಗೆ ಯಾವ ಎಂಜಿನ್ನಿದ್ದರೂ ಅದರಲ್ಲಿ ಹೇರಲು ಗೂಡಿರುವುದಿಲ್ಲ, ನಾನೂ ನನ್ನ ಕಲ್ಲೂ ಮಾತ್ರ.

"ನಿಮ್ ಎಂಜಿನ್ನ ಈಚೆಗೆ ತಕ್ಕಂಡೋಯ್ತೀರೋ, ನಾನೇ ಬಂಡೆ ಮೇಲಿಂದ ಉರುಳುಸ್ಲೋ?" ಎಂದೆ.

ಯಜಮಾನರು ಹೆದರಿದರು. ಹೆದರಿದ ಗಂಡಸು ದೇವರ ಬಳಿ ಹೋಗುತ್ತಾನೆ. "ನಾಳೆ ಮಂಗಳವಾರ. ಊರಮ್ಮನ್ನ ಹೂವು ಕೇಳ್ಬುಡಾನ ಕಣಮ್ಮಿ, ಅವ್ಳು ಹೇಳ್ದಂಗೆ."

ಹೂವು ಕೇಳುವುದೆಂದರೆ, ಅಮ್ಮನ ಮೈಮೇಲೆ ಎಡಕ್ಕೂ ಬಲಕ್ಕೂ ಒದ್ದೆ ಹೂವು ಅಂಟಿಸಿ, ಕೇಳಬೇಕಾದ್ದನ್ನು ಮನಸ್ಸಿನಲ್ಲಿ ನೆನೆಸಿಕೊಂಡು ಕೈಮುಗಿದು ಕೂರುವುದು. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಮೂವರೂ ಹೋದೆವು. ಇಬ್ಬರೂ ಕಣ್ಣುಮುಚ್ಚಿ ಕೂತರು. ಅಮ್ಮ ನಮ್ಮನ್ನು ಬಹಳ ಹೊತ್ತು ಕಾಯಿಸಿ, ಒಂದು ಕಣಗಿಲೆ ಹೂವನ್ನು ಬಲಗಡೆಯಿಂದ ತೊಪ್ಪನೆ ಕೊಟ್ಟಳು.

"ನೋಡ್ದಾ!" ಎಂದು ಯಜಮಾನರು ಎದ್ದರು. "ಹಳೇದನ್ನೇ ರಿಪೇರಿ ಮಾಡುಸ್ಲಾ ತಾಯಿ ಅಂತ ಕೇಳ್ದೆ. ಬಲಗಡೆ ಕೊಟ್ಲು."

"ಅದ್ಹೆಂಗೆ ಭಾವ?" ಎಂದ ಶಿವಲಿಂಗ. "ಡೀಜಲ್ ಕೂರ್ಸಾನಾ ತಾಯಿ ಅಂತ ನಾನು ಕೇಳ್ದೆ. ಬಲಗಡೆ ನಂಗೆ ಕೊಟ್ಟಿರೋದು!"

ಏನು ಕೇಳಬೇಕೆಂದು ಇಬ್ಬರೂ ದಾರಿಯಲ್ಲಿ ಒಂದು ಮಾತು ಆಡಿಕೊಂಡಿರಲಿಲ್ಲ. ಪೂಜಾರಿ ಗಂಟೆ ಹೊಡೆದು ಒಳಕ್ಕೆ ಹೋದ. ಅವನಿಗೆ ಇಂಥದ್ದು ಹೊಸದಲ್ಲ. ಮತ್ತೆ ಕೇಳೋಣವೆಂದರೆ ಒಂದೇ ವಿಷಯಕ್ಕೆ ಒಂದೇ ದಿನ ಎರಡು ಸಲ ಕೇಳುವ ಹಾಗಿಲ್ಲ. ಮುಂದಿನ ಮಂಗಳವಾರವೇ ಆಗಲಿ ಎಂದು ಇಬ್ಬರೂ ಸಂತೋಷದಿಂದ ಒಪ್ಪಿದರು. ನನ್ನ ಮದುವೆಯಾದ ಇಷ್ಟು ವರ್ಷದಲ್ಲಿ ಭಾವ ಭಾಮೈದ ಮೊದಲ ಸಲ ಒಪ್ಪಿದ ಮಾತು ಅದು. ನನಗೋ ಗುರುವಾರವೇ ಹುಳ ಬರುವುದಿತ್ತು.

ಗುಡಿಯಿಂದ ಇಳಿದು ಅಂಗಡಿಯ ಫೋನಿನಿಂದ ಸಾಬರಿಗೆ ಬರಲು ನಾನೇ ಹೇಳಿದೆ, ಮಧ್ಯಾಹ್ನ ಬಂದರು. "ಸಾಬ್ರೇ, ಇದನ್ನ ಇನ್ನೆಷ್ಟು ಸಲ ಕೊರೆಸ್ಬೋದು?"

ಸಾಬರು ಒಳಕ್ಕೆ ಬೆರಳಿಟ್ಟು ನೋಡಿದರು, ನಮ್ಮತ್ತೆಯ ಹಾಗೇ. "ಇನ್ನೊಂದೇ ಸಲ ಕಣಮ್ಮಾ. ಆಮ್ಯಾಕೆ ಗೋಡೆ ತಡೆಯಾಕಿಲ್ಲ."

"ಆ ಒಂದು ಸಲ ಎಷ್ಟು ವರ್ಸ ಬತ್ತದೆ?"

"ನೀವು ಗೂಡು ಹಾಕೋದಕ್ಕೆ ಓಡ್ಸುದ್ರೆ, ಹತ್ತು ವರ್ಸಕ್ಕೆ ಮೋಸ ಇಲ್ಲ."

ನಾನು ಯಜಮಾನರನ್ನು ಒಮ್ಮೆ ನೋಡಿದೆ. ಅರವತ್ತೆಂಟು, ದಿನಕ್ಕೆ ಒಂದು ಕಟ್ಟು ಬೀಡಿ. ನನ್ನ ಮಂಡಿ ನೆನೆಸಿಕೊಂಡೆ. "ಸಾಕು, ಕೊರೆಸ್ಬುಡಿ. ಹೊಸ ಎಂಜಿನ್ನು ನಮಗಿಂತ ಜಾಸ್ತಿ ದಿನ ಬದುಕಿ ಏನ್ ಮಾಡ್ತದೆ? ಇವ್ರೂ ಅದೂ ಒಟ್ಟಿಗೇ ಮುಗುದ್ರೆ ನಂಗೂ ಒಂದೇ ಖರ್ಚು."

ಶಿವಲಿಂಗ ಬಿದ್ದು ಬಿದ್ದು ನಕ್ಕ. ಯಜಮಾನರು ನಗಲಿಲ್ಲ, ಆದರೆ ತಾವು ಬಯಸಿದ್ದೇ ಆಯಿತಲ್ಲ ಎಂದು ಮೀಸೆಯೊಳಗೆ ಸುಖವಾಗಿದ್ದರು. ಸಂಜೆಯೊಳಗೆ ಎಂಜಿನ್ನು ಬೊಂಬಿನ ಮೇಲೆ ದಿಬ್ಬ ಇಳಿದು, ಸಾಬರ ಗಾಡಿಯಲ್ಲಿ ರಾಮನಗರಕ್ಕೆ ಹೊರಟಿತು.

ನನ್ನ ಲೆಕ್ಕ ತಪ್ಪಿತು, ಅದನ್ನೂ ಹೇಳಿಬಿಡಬೇಕು. ಜೀಪು ಸಾಬರು ಹೇಳಿದಷ್ಟೂ ದುಡಿದು, ಒಂದು ದಿನ ದಿಬ್ಬದ ನಡುವೆ ನೀಟಾಗಿ ಸತ್ತಿತು. ನಾನು ಕಲ್ಲು ಕೊಟ್ಟೆ. ಯಜಮಾನರು ಈಗಲೂ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಿದ್ದಾರೆ. ಕಬ್ಬಿಣಕ್ಕಾದರೆ ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಬೆರಳಿಟ್ಟು ಹೇಳಬಹುದು. ಮನುಷ್ಯನಿಗೆ ಬೆರಳು ಎಲ್ಲಿಡುವುದು?

ಆದರೆ ಇದೆಲ್ಲ ಆಮೇಲಿನ ಮಾತು. ಎಂಜಿನ್ನು ಹೋದ ಮರುದಿನ ಬೆಳಿಗ್ಗೆ ಭಾವ ಭಾಮೈದ ಇಬ್ಬರೂ ಅಭ್ಯಾಸಬಲದಿಂದ ಹುಳದ ಮನೆಗೆ ಟೀ ಕುಡಿಯಲು ಬಂದರು. ಬಲಗಡೆಯ ಹೂವು ಯಾರದೆಂಬ ಜಗಳ ಇನ್ನೂ ಮುಗಿದಿರಲಿಲ್ಲ. ನಾನು ಆಗಲೇ ಒಂದು ಹಂಡೆ ನೀರು ಕಾಯಿಸಿ, ಬಟ್ಟೆ ಸೋಡಾ ಕಲಸಿ, ಎರಡು ತೆಂಗಿನ ನಾರಿನ ಕುಚ್ಚು ಇಟ್ಟುಕೊಂಡು ಕಾಯುತ್ತಿದ್ದೆ. ನಡುಮಧ್ಯೆ ಎಂಜಿನ್ನು ಕೂತಿದ್ದ ಕಡೆ ಮೊರದಗಲ ಕಪ್ಪು ಕಲೆ. ಇಬ್ಬರ ಕೈಗೂ ಒಂದೊಂದು ಕುಚ್ಚು ಕೊಟ್ಟೆ.

"ಬಲಗಡೆ ಯಾರ್ಗೆ ಕೊಟ್ಲೋ ನಂಗೊತ್ತಿಲ್ಲ. ಈ ಕಲೆ ಮಾತ್ರ ಇಬ್ರುಗೂ ಕೊಟ್ಟವ್ಳೆ. ಉಜ್ಜಿ."

ಉಜ್ಜಿದರು. ಅದರ ಮೇಲೆ ನಾನು ಸುಣ್ಣ ಬಳಿದು, ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಬಿಸಿಲೇರಿ ನೆಲ ಒಣಗಿದ ಮೇಲೆ ಸಾಕಮ್ಮನಿಂದ ಇನ್ನೊಂದು ಹಿಡಿ ಹುಳ ತಂದು, ಕಲೆ ಇದ್ದ ಜಾಗದಲ್ಲೇ ಸೊಪ್ಪು ಹರಡಿ ಬಿಟ್ಟು, ಇಬ್ಬರಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿ ಕುಕ್ಕರುಗಾಲಲ್ಲಿ ಕೂತೆ. ಹುಳ ತಲೆ ಎತ್ತಿದವು. ಆ ಕಡೆ ಈ ಕಡೆ ನೋಡಿದವು. ಆಮೇಲೆ ತಲೆ ತಗ್ಗಿಸಿ ಎಲೆಯ ಅಂಚಿಗೆ ಬಾಯಿ ಹಾಕಿದವು. ನಾನು ಎದ್ದು ಹೋಗಿ ಒಲೆಯ ಮೇಲೆ ಟೀಗೆ ನೀರಿಟ್ಟೆ. ಇಬ್ಬರೂ ಹುಣಸೆ ಮರದ ಕೆಳಗೆ ಕೂತು ಕುಡಿಯಬೇಕೆಂದು ಅಲ್ಲಿಂದಲೇ ಕೂಗಿ ಹೇಳಿದೆ.